ಹತಾರಕ್ಕೊಂದು ಗೂಟ, ಮನೆಗೊಂದು ಸಾಮಾನು ಕೋಣೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ತಾಳ್ಯದಲ್ಲಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತು ಆಡಲು ನನ್ನನ್ನು ಕರೆದಿದ್ದೀರಿ. ಸಹಕಾರ ತತ್ವದ ಬಗ್ಗೆ ಮಾತಾಡಲು ನನಗಿಂತ ತಿಳಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪ ಇವತ್ತಿಗೂ ಉರಿಯುತ್ತಿದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಪಂಪ್‌ಸೆಟ್ಟು, ಟಿಲ್ಲರು ರಿಪೇರಿ ಮಾಡಿಕೊಂಡು ಬಂದವನು ನಾನು. ಅದಕ್ಕೇ ನನಗೆ ಗೊತ್ತಿರುವ ಒಂದು ಸಣ್ಣ ವಿಷಯ ಎತ್ತಿಕೊಂಡಿದ್ದೇನೆ. ನಮ್ಮ ಮನೆಗಳ ಸಾಮಾನು ಕೋಣೆ. ಕೆಲವರ ಮನೆಯಲ್ಲಿ ಅದು ದನದ ಕೊಟ್ಟಿಗೆಯ ಮೂಲೆ, ಕೆಲವರಲ್ಲಿ ಟ್ರ್ಯಾಕ್ಟರ್ ಶೆಡ್ಡು, ಇನ್ನು ಕೆಲವರಲ್ಲಿ ತೋಟದ ಮೋಟಾರ್ ಮನೆ.

ವಿಷಯ ಸಣ್ಣದು ಅಂದೆ. ಆದರೆ ಸಂಘದಿಂದ ಸಾಲ ತೆಗೆದು ನಾವು ಕೊಂಡ ಸಾಮಾನೆಲ್ಲ ಕೊನೆಗೆ ಹೋಗಿ ಬೀಳುವುದು ಆ ಕೋಣೆಗೇ. ಸಾಲದ ಬಡ್ಡಿ ಮಾತ್ರ ಪುಸ್ತಕದಲ್ಲಿ ಓಡುತ್ತಿರುತ್ತದೆ. ಬೇಕಾದಾಗ ಕೈಗೆ ಸಿಗದ ಸಾಮಾನು ಇದ್ದೂ ಇಲ್ಲದ ಹಾಗೆ. ನಾನು ಹೇಳಬೇಕೆಂದಿರುವುದು ಇಷ್ಟೇ.

ಹಿಂದೆ ಹೇಗಿತ್ತು?

ನಮ್ಮ ಅಜ್ಜಂದಿರ ಕಾಲದಲ್ಲಿ ರೈತನ ಹತಾರಗಳು ಎಷ್ಟಿದ್ದವು? ನೇಗಿಲು, ನೊಗ, ಕುಂಟೆ, ಎಡೆಕುಂಟೆ, ಕೂರಿಗೆ, ಗುದ್ದಲಿ, ಸನಿಕೆ, ಹಾರೆ, ಕೊಡಲಿ, ಕುಡುಗೋಲು, ಒಂದಿಷ್ಟು ಮಿಣಿ ಹಗ್ಗ. ಉಳಿದ ಕೆಲಸದ ಹತಾರ ಕಮ್ಮಾರನ ಹತ್ತಿರ, ಬಡಗಿಯ ಹತ್ತಿರ ಇರುತ್ತಿತ್ತು. ವರ್ಷಕ್ಕೊಮ್ಮೆ ಕಣದಲ್ಲಿ ಆಯ ಕೊಟ್ಟರೆ ಅವರೇ ಹಣಿದು, ಕಾವು ಹಾಕಿ ಕೊಡುತ್ತಿದ್ದರು. ಇದ್ದ ಹತ್ತು ಹದಿನೈದು ಸಾಮಾನಿಗೂ ಗೋಡೆಯಲ್ಲಿ ಒಂದೊಂದು ಮರದ ಗೂಟ. ನೊಗ ಸೂರಿನ ಕೆಳಗೆ, ಕೂರಿಗೆ ಅಟ್ಟದ ಮೇಲೆ, ಕುಡುಗೋಲು ಜಂತೆಯ ಸಂದಿಯಲ್ಲಿ. ಕತ್ತಲಲ್ಲಿ ಕೈ ಹಾಕಿದರೂ ಸಿಗುತ್ತಿತ್ತು.

ಆಮೇಲೆ ಏನಾಯಿತು? ಬೋರ್‌ವೆಲ್ ಬಂತು. ಅಡಿಕೆ ತೋಟ ಬಂತು. ಮೆಕ್ಕೆಜೋಳ ಬಂತು. ಅವುಗಳ ಹಿಂದೆ ಮೋಟಾರು, ಸ್ಟಾರ್ಟರು, ಕೇಬಲ್ಲು, ಪಿ.ವಿ.ಸಿ. ಪೈಪು, ಡ್ರಿಪ್ಪು, ಟಿಲ್ಲರು, ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ, ಅಡಿಕೆ ಕೊಯ್ಯುವ ದೋಟಿ. ಇವಕ್ಕೆಲ್ಲ ಬೇಕಾದ ಪಾನಾ, ಇಕ್ಕಳ, ನಟ್ಟು, ಬೋಲ್ಟು. ಸಾಮಾನು ಹತ್ತರಿಂದ ನೂರಾಯಿತು, ನೂರೈವತ್ತಾಯಿತು. ಗೂಟ ಮಾತ್ರ ಅಷ್ಟೇ ಉಳಿಯಿತು. ಎಲ್ಲ ಗೊಬ್ಬರದ ಖಾಲಿ ಚೀಲಕ್ಕೆ ಬಿತ್ತು. ನಮ್ಮವರು ಸೋಮಾರಿಗಳು ಅಂತ ಬಯ್ಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊಂಡ ವೇಗಕ್ಕೆ ತಕ್ಕ ಹಾಗೆ ಜಾಗ ಮಾಡಲಿಲ್ಲ, ಅಷ್ಟೇ.

ಇದರ ಲೆಕ್ಕ ಹಾಕಿ ನೋಡೋಣ. ದಿನಕ್ಕೆ 15 ನಿಮಿಷ ಹುಡುಕಾಟಕ್ಕೆ ಹೋದರೆ ವರ್ಷಕ್ಕೆ 90 ಗಂಟೆಗೂ ಮೇಲಾಯಿತು. ಎಂಟು ಗಂಟೆಯ ದಿನದ ಲೆಕ್ಕದಲ್ಲಿ 11 ಆಳಿನ ಕೂಲಿ. ಅದೂ ಹೋಗಲಿ. ಮೂರು ಫೇಸ್ ಕರೆಂಟು ಬರುವುದು ದಿನಕ್ಕೆ ಕೆಲವೇ ಗಂಟೆ. ಅಷ್ಟರಲ್ಲಿ ಫ್ಯೂಸು ಹೋಯಿತು ಅನ್ನಿ. "ಏ ಟೆಸ್ಟರ್ ಎಲ್ಲಿಟ್ಯೋ?" "ನಾನಲ್ಲಪ್ಪಾ, ಅಣ್ಣ ಇಸ್ಕೊಂಡಿದ್ದ." ಟೆಸ್ಟರ್ ಸಿಗುವ ಹೊತ್ತಿಗೆ ಕರೆಂಟೇ ಹೋಗಿರುತ್ತದೆ. ಬೇಸಿಗೆಯಲ್ಲಿ ಎಳೆಯ ಅಡಿಕೆ ಸಸಿಗೆ ಆ ದಿನದ ನೀರು ತಪ್ಪಿತು. ಮನೆಯಲ್ಲೇ ಮೂರು ಪಾನಾ ಇದ್ದು ಹೊಳಲ್ಕೆರೆಗೆ ಬಸ್ಸು ಹತ್ತಿ ನಾಲ್ಕನೆಯದು ತರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಅಂತಾರಲ್ಲ, ಹಾಗೆ.

ಮೊದಲ ಪಾಠ ಅಡುಗೆ ಮನೆಯಲ್ಲಿದೆ

ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಇಲ್ಲಿ ಕೂತಿರುವ ತಾಯಂದಿರ ಅಡುಗೆ ಮನೆ ನೋಡಿ. ಸಾಸಿವೆ, ಜೀರಿಗೆ, ಮೆಂತ್ಯ, ಅರಿಶಿನ ಎಲ್ಲ ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಬಟ್ಟಲಲ್ಲಿ. ಎಣ್ಣೆ ಕಾದಾಗ ಸಾಸಿವೆ ಹುಡುಕಲು ಸಮಯ ಇರುವುದಿಲ್ಲ. ಅದಕ್ಕೇ ಅದು ಒಲೆಯ ಪಕ್ಕದಲ್ಲೇ ಇರುತ್ತದೆ. ಹಬ್ಬಕ್ಕೆ ಬೇಕಾದ ದೊಡ್ಡ ಕೊಪ್ಪರಿಗೆ ಅಟ್ಟದ ಮೇಲೆ. ದಿನಾ ಬಳಸುವುದು ಕೈಗೆ ಹತ್ತಿರ, ಅಪರೂಪಕ್ಕೆ ಬಳಸುವುದು ದೂರ.

ಜಪಾನಿನ ಕಾರ್ಖಾನೆಗಳಲ್ಲಿ ಇದನ್ನೇ ಐದು ಮಾತಿನಲ್ಲಿ ಹೇಳುತ್ತಾರೆ: ಸೇರಿ, ಸೇಟಾನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಅಂದರೆ ಬೇಡದ್ದನ್ನು ಬೇರೆ ಮಾಡು, ಬೇಕಾದ್ದನ್ನು ಜೋಡಿಸಿಡು, ಗುಡಿಸಿ ಒರೆಸು, ಎಲ್ಲರಿಗೂ ಒಂದೇ ಪದ್ಧತಿ ಮಾಡು, ಅದನ್ನು ಬಿಡದೆ ನಡೆಸು. ನಮ್ಮ ಕಡೆಯಲ್ಲೂ ಇದರ ಅಭ್ಯಾಸ ಇರಲಿಲ್ಲ ಅಂತಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸಣ್ಣ ಸೈಕಲ್ ಅಂಗಡಿಯಿಂದ ಶುರುಮಾಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದವರು. ಅದೇ ಮನೆತನದವರ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಲೇತ್ ಮಾಡಲು ಶುರುಮಾಡಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯದೇ. ಆ ಕಾರ್ಖಾನೆ ಈಗ ಇಲ್ಲ. ಆದರೆ ಅಂಥ ಕಡೆ ಕೆಲಸ ಕಲಿತವರು ಪಾನಾ ಕೆಳಗಿಡುವ ಮುಂಚೆ ಒರೆಸಿ ಇಡುವುದನ್ನು ನೀವು ಗಮನಿಸಿರಬಹುದು. ಅದು ಬುದ್ಧಿವಂತಿಕೆಯ ಮಾತಲ್ಲ, ರೂಢಿಯ ಮಾತು.

ಮೂರು ಗುಡ್ಡೆ ಮಾಡಿ

ಈಗ ಕೆಲಸಕ್ಕೆ ಬರೋಣ. ಒಂದು ದಿನ ಬಿಡುವು ಮಾಡಿಕೊಂಡು ಕೋಣೆಯಲ್ಲಿರುವುದನ್ನೆಲ್ಲ ಅಂಗಳಕ್ಕೆ ತನ್ನಿ. ಆಯುಧಪೂಜೆಗೆ ಹೇಗೂ ತರುತ್ತೀರಿ. ತೊಳೆದು, ವಿಭೂತಿ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಮಾರನೇ ದಿನ ಅದೇ ಚೀಲಕ್ಕೆ ತುಂಬಿ ಎಸೆಯುತ್ತೀರಿ. ಈ ವರ್ಷ ಹಾಗೆ ಮಾಡಬೇಡಿ. ಮೂರು ಗುಡ್ಡೆ ಮಾಡಿ. ಈ ವರ್ಷ ಬಳಸಿದ್ದು ಒಂದು. ರಿಪೇರಿ ಮಾಡಿದರೆ ಬಳಸಬಹುದಾದದ್ದು ಎರಡು. ಯಾವುದಕ್ಕೂ ಬಾರದ್ದು ಮೂರು.

ಮೂರನೇ ಗುಡ್ಡೆಯನ್ನು ಗುಜರಿಯವನಿಗೆ ಕೊಡಿ. "ಎಂದಾದರೂ ಬೇಕಾದೀತು" ಅಂತ ಒಡೆದ ಫುಟ್ ವಾಲ್ವು, ಸುಟ್ಟ ವೈಂಡಿಂಗು, ಸೀಳಿದ ಪೈಪು ಇಟ್ಟುಕೊಂಡಿರುತ್ತೇವೆ. ಅದು ಬೇಕಾಗುವ ದಿನ ಬರುವುದಿಲ್ಲ, ಬಂದರೂ ಆವತ್ತು ಅದು ಸಿಗುವುದಿಲ್ಲ. ಅದರಡಿ ಹಾವು ಚೇಳು ಮಾತ್ರ ಸಿಗುತ್ತವೆ. ಎರಡನೇ ಗುಡ್ಡೆಗೆ ಒಂದು ಗಡುವು ಇಡಿ. ದೀಪಾವಳಿಯೊಳಗೆ ರಿಪೇರಿ ಆಗದಿದ್ದರೆ ಅದೂ ಗುಜರಿಗೆ.

ಗೋಡೆಯನ್ನು ಬಳಸಿ

ನೆಲದ ಮೇಲೆ ಏನೂ ಇಡಬೇಡಿ. ನೆಲ ಕಾಲಿಗೆ, ಗೋಡೆ ಹತಾರಕ್ಕೆ. ನಮ್ಮ ಕಡೆ ನೆಲಕ್ಕೆ ತಾಗಿದ ಮರಕ್ಕೆ ಗೆದ್ದಲು ತಪ್ಪಿದ್ದಲ್ಲ. ಕಬ್ಬಿಣಕ್ಕೆ ಮಳೆಗಾಲದಲ್ಲಿ ನೆಲದ ತೇವ ಹಿಡಿಯುತ್ತದೆ. ಒಂದು ಹಳೆಯ ಬಾಗಿಲ ಹಲಗೆಯನ್ನೋ ಪ್ಲೈವುಡ್ಡನ್ನೋ ಗೋಡೆಗೆ ಬಡಿದು ಮೊಳೆ ಹೊಡೆಯಿರಿ. ಪ್ರತಿ ಹತಾರವನ್ನೂ ತೂಗುಹಾಕಿ ಅದರ ಸುತ್ತ ಬಣ್ಣದಲ್ಲಿ ಅದರ ಆಕಾರ ಬರೆಯಿರಿ. ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ಚಿತ್ರ, ಗರಗಸದ ಜಾಗದಲ್ಲಿ ಗರಗಸದ ಚಿತ್ರ. ಅಕ್ಷರ ಬಾರದ ಆಳಿಗೂ ಎಲ್ಲಿ ಇಡಬೇಕು ಅಂತ ತಿಳಿಯುತ್ತದೆ. ಸಾಯಂಕಾಲ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾವುದು ವಾಪಸು ಬಂದಿಲ್ಲ ಅಂತ ಖಾಲಿ ಚಿತ್ರವೇ ಹೇಳುತ್ತದೆ.

ಮಚ್ಚು, ಕುಡುಗೋಲು, ದೋಟಿಯ ಕತ್ತಿ ಇವನ್ನು ಮಕ್ಕಳಿಗೆ ಎಟುಕದ ಎತ್ತರಕ್ಕೆ, ಬಾಯಿ ಗೋಡೆ ಕಡೆಗೆ ಮಾಡಿ ತೂಗುಹಾಕಿ. ಪೈಪುಗಳನ್ನು ಉದ್ದಕ್ಕೆ ಮಲಗಿಸಲು ಗೋಡೆಗೆ ಮೂರು ಕಡೆ ಆಧಾರ ಕೊಡಿ. ಎರಡೇ ಕಡೆ ಕೊಟ್ಟರೆ ಪಿ.ವಿ.ಸಿ. ಪೈಪು ನಡುವೆ ಜೋತು ಬೀಳುತ್ತದೆ. ಬಿಸಿಲು ಬೀಳುವ ಕಡೆ ಇಟ್ಟರೆ ಪೆಡಸಾಗಿ ಒಡೆಯುತ್ತದೆ.

ಸಣ್ಣ ಸಾಮಾನಿಗೆ ಡಬ್ಬಿ

ನಟ್ಟು, ಬೋಲ್ಟು, ವಾಷರು, ಡ್ರಿಪ್ಪಿನ ಜಾಯಿನರು, ಗ್ರೋಮೆಟ್ಟು, ಎಂಡ್ ಕ್ಯಾಪು ಇವೇ ಹೆಚ್ಚು ಕಳೆಯುವ ಸಾಮಾನು. ಇವಕ್ಕೆ ಒಳಗಿರುವುದು ಕಾಣುವ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಕಾಣದ ಡಬ್ಬಿಯಾದರೆ ಒಳಗಿನ ಒಂದು ಸಾಮಾನನ್ನು ಹೊರಗೆ ತಂತಿಯಿಂದ ಕಟ್ಟಿ. ಬರೆದ ಚೀಟಿ ಎಣ್ಣೆ ಹತ್ತಿ ಅಳಿಸಿಹೋಗುತ್ತದೆ, ಕಟ್ಟಿದ ಬೋಲ್ಟು ಅಳಿಸುವುದಿಲ್ಲ.

ಹಲಗೆಯ ಮೇಲೆ ಒಂದು ಲೆಕ್ಕ ಬರೆದಿಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬೋಲ್ಟುಗಳಲ್ಲಿ 6 ಎಂ.ಎಂ. ಬೋಲ್ಟಿಗೆ 10ರ ಪಾನಾ, 8ಕ್ಕೆ 13, 10ಕ್ಕೆ 17, 12ಕ್ಕೆ 19. ರೈತನ ಮನೆಯ ಹೆಚ್ಚಿನ ಕೆಲಸ ಈ ನಾಲ್ಕರಲ್ಲಿ ಮುಗಿಯುತ್ತದೆ. ತಪ್ಪು ಅಳತೆಯ ಪಾನಾ ಹಾಕಿ ತಿರುಗಿಸಿದರೆ ಬೋಲ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಉಳಿ ಹಿಡಿದು ಹೊಡೆಯಬೇಕು.

ಬೋರ್‌ವೆಲ್ಲಿನ ಜಾತಕ

ಮಕ್ಕಳ ಜಾತಕ ಬರೆಸುತ್ತೀರಿ, ಬೋರ್‌ವೆಲ್ಲಿನ ಜಾತಕ ಬರೆಸಿದವರು ಎಷ್ಟು ಜನ? ಒಂದು ರಟ್ಟಿನ ಮೇಲೆ ಬರೆದು, ಪ್ಲಾಸ್ಟಿಕ್ ಹಾಕಿಸಿ, ಸ್ಟಾರ್ಟರ್ ಪಕ್ಕ ತೂಗುಹಾಕಿ. ಕೊರೆಸಿದ ತಾರೀಖು, ಆಳ, ಕೇಸಿಂಗ್ ಎಷ್ಟು ಅಡಿ, ಮೋಟಾರಿನ ಎಚ್.ಪಿ., ಪಂಪಿನ ಸ್ಟೇಜು, ಇಳಿಸಿದ ಪೈಪು ಎಷ್ಟು, ಕೇಬಲ್ ಎಷ್ಟು, ಹಿಂದಿನ ಸಲ ಎತ್ತಿದ್ದು ಯಾವಾಗ, ಯಾಕೆ. 20 ಅಡಿಯ ಪೈಪು 15 ಇದ್ದರೆ ಮೋಟಾರು 300 ಅಡಿಯಲ್ಲಿದೆ ಅಂತ ಲೆಕ್ಕ ಸಿಗುತ್ತದೆ. ಈಗ ಇದೆಲ್ಲ ಯಜಮಾನರ ತಲೆಯಲ್ಲಿದೆ. ಅವರು ಊರಲ್ಲಿ ಇಲ್ಲದ ದಿನ, ಅಥವಾ ಅವರೇ ಇಲ್ಲವಾದ ಮೇಲೆ, ಹೆಂಡತಿ ಮಕ್ಕಳು ಮೆಕ್ಯಾನಿಕ್ ಹೇಳಿದ್ದನ್ನೇ ನಂಬಬೇಕು. ಈ ರಟ್ಟು ಮನೆಯವರ ಕೈಗೆ ಕೊಟ್ಟ ಬಲ.

ಕೆಲಸ ಮಾಡುವ ಜಾಗ

ಜಾಗ ಇದ್ದವರು ಒಂದು ಗಟ್ಟಿ ಮೇಜು ಮಾಡಿಸಿ ಅದಕ್ಕೊಂದು ವೈಸ್ ಕೂರಿಸಿ. ವೈಸಿನ ಬಾಯಿ ನಿಂತವನ ಮೊಣಕೈ ಮಟ್ಟಕ್ಕೆ ಇರಲಿ. ತಗ್ಗಾದರೆ ಸೊಂಟ ನೋಯುತ್ತದೆ, ಎತ್ತರವಾದರೆ ಅರ ಉಜ್ಜಲು ಬಲ ಸಿಗುವುದಿಲ್ಲ. ಬೆಳಕು ಎಡಗಡೆಯಿಂದ ಬಂದರೆ ಬಲಗೈಯವನ ನೆರಳು ಕೆಲಸದ ಮೇಲೆ ಬೀಳುವುದಿಲ್ಲ.

ಬಾಗಿಲಿನ ಅಗಲವನ್ನೂ ಮೊದಲೇ ನೋಡಿಕೊಳ್ಳಿ. ಅಮೆರಿಕಾದ ಹೆನ್ರಿ ಫೋರ್ಡ್ 1896ರಲ್ಲಿ ಡೆಟ್ರಾಯಿಟ್‌ನ ತನ್ನ ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಮೊದಲನೇ ಗಾಡಿ ಕಟ್ಟಿದ. ಮುಗಿದ ಮೇಲೆ ನೋಡಿದರೆ ಬಾಗಿಲಿಗಿಂತ ಗಾಡಿಯೇ ಅಗಲ. ಕೊಡಲಿ ತಗೊಂಡು ಗೋಡೆಯ ಇಟ್ಟಿಗೆ ಒಡೆದು ಹೊರಗೆ ತಂದ. ಅಂಥ ದೊಡ್ಡ ಮನುಷ್ಯನಿಗೇ ಹೀಗಾಯಿತು. ನಾವು ಟಿಲ್ಲರ್ ತರುವ ಮುಂಚೆ ಟೇಪು ಹಿಡಿಯೋಣ.

ಕರೆಂಟಿನ ವಿಷಯದಲ್ಲಿ ಉದಾಸೀನ ಬೇಡ. ಗ್ರೈಂಡರು, ಡ್ರಿಲ್ಲು ಓಡಿಸುವ ಪ್ಲಗ್ಗಿನ ಹಿಂದೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಸರಿಯಾದ ಅರ್ಥಿಂಗ್ ಇರಲಿ. ಫ್ಯೂಸಿನ ಜಾಗಕ್ಕೆ ಕೈಗೆ ಸಿಕ್ಕ ತಂತಿ ಸುತ್ತಬೇಡಿ. ಫ್ಯೂಸು ಸುಡುವುದು ಮೋಟಾರು ಉಳಿಯಲಿ ಅಂತ. ದಪ್ಪ ತಂತಿ ಹಾಕಿದರೆ ಫ್ಯೂಸು ಉಳಿಯುತ್ತದೆ, ಮೋಟಾರು ಸುಡುತ್ತದೆ. ಗ್ರೈಂಡರ್ ಚಕ್ರದ ಮೇಲೆ ಅದು ತಡೆಯುವ ವೇಗ ಬರೆದಿರುತ್ತದೆ. ಅದು ಯಂತ್ರದ ವೇಗಕ್ಕಿಂತ ಕಡಿಮೆ ಇದ್ದರೆ ಹಾಕಲೇಬೇಡಿ. ಕನ್ನಡಕವನ್ನು ಗ್ರೈಂಡರಿಗೇ ಕಟ್ಟಿ ತೂಗುಹಾಕಿ. ಆಗ ಕಣ್ಣಿಗೆ ಹಾಕದೆ ಕೆಲಸ ಶುರುಮಾಡಲು ಮನಸ್ಸು ಬರುವುದಿಲ್ಲ.

ಆ ಕೋಣೆಯಲ್ಲಿ ಇರಬಾರದ್ದು

ಇದುವರೆಗೆ ಏನಿಡಬೇಕು ಅಂತ ಹೇಳಿದೆ. ಈಗ ಏನಿಡಬಾರದು ಅಂತ ಹೇಳುತ್ತೇನೆ. ದಯವಿಟ್ಟು ಸ್ವಲ್ಪ ಗಮನ ಕೊಟ್ಟು ಕೇಳಬೇಕು.

ಗೊಬ್ಬರ ಇಡಬೇಡಿ. ಯೂರಿಯಾ, ಪೊಟ್ಯಾಷ್ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಪಕ್ಕದಲ್ಲಿರುವ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಗೊಬ್ಬರ ಬೇರೆ ಕಡೆ, ಹಲಗೆಯ ಮೇಲೆ ಇರಲಿ. ಪೆಟ್ರೋಲ್ ಕ್ಯಾನು ಇಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಹೋಗಿ ಎಲ್ಲೋ ಇರುವ ಕಿಡಿಗೆ ಹತ್ತಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಔಷಧಿ ಇಡಬೇಡಿ. ನಾವು ಔಷಧಿ ಅನ್ನುತ್ತೇವೆ, ಅದು ವಿಷ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಅತ್ಯಂತ ಘೋರ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಅಂದರೆ ವಿಷವೇ ಅಲ್ಲ ಅಂತಲ್ಲ. ಉಳಿದ ಔಷಧಿಯನ್ನು ತಂಪು ಪಾನೀಯದ ಬಾಟಲಿಗೆ, ಸಾರಾಯಿ ಬಾಟಲಿಗೆ ಬಗ್ಗಿಸಿ ಪಾನಾಗಳ ನಡುವೆ ಇಡುವ ಅಭ್ಯಾಸ ನಮ್ಮಲ್ಲಿದೆ. ಮಗು ಕುಡಿದರೆ ಬಾಟಲಿಯ ತಪ್ಪೇ?

ಇನ್ನೊಂದು ಮಾತು. ಬೆಳೆ ಹೋಗಿ, ಮನಸ್ಸು ಕೆಟ್ಟು, ಒಂದು ಗಳಿಗೆಯ ಸಂಕಟದಲ್ಲಿ ಕೈ ಹಾಕಿದ್ದು ಆ ಬಾಟಲಿಗೆ ಎಂಬ ಸುದ್ದಿ ನಾವೆಲ್ಲ ಕೇಳಿದ್ದೇವೆ. ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಕೈಗೆ ಎಟುಕುವಂತೆ ಇರಬಾರದು ಅನ್ನುವುದು ಅದಕ್ಕೇ. ಮನೆಯಲ್ಲೇ ಬೀಗದ ಪೆಟ್ಟಿಗೆ ಇಟ್ಟರೆ ಸಾಲದೇ ಅಂತ ಕೇಳಬಹುದು. ಶ್ರೀಲಂಕಾದಲ್ಲಿ ನೂರಾರು ಹಳ್ಳಿಗಳನ್ನು ತೆಗೆದುಕೊಂಡು, ಅರ್ಧ ಹಳ್ಳಿಗಳ ಮನೆಗಳಿಗೆ ಪೆಟ್ಟಿಗೆ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಪೆಟ್ಟಿಗೆಯಿಂದ ವಿಷ ಸೇವನೆ ಕಡಿಮೆ ಆಗಲಿಲ್ಲ. ಬೀಗದ ಕೈ ಮನೆಯವರ ಹತ್ತಿರವೇ ಇದ್ದರೆ ಬೀಗ ಯಾರನ್ನು ತಡೆದೀತು? ಅದೇ ದೇಶದಲ್ಲಿ ಅತಿ ಘೋರ ವಿಷಗಳ ಮಾರಾಟವನ್ನೇ ನಿಲ್ಲಿಸಿದ ಮೇಲೆ ಸಾವು ಬಹಳ ಇಳಿಯಿತು. ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆಯವರು ಮನೆಯಿಂದ ದೂರ ಒಂದು ಕಟ್ಟಡದಲ್ಲಿ ಲಾಕರುಗಳನ್ನು ಮಾಡಿ, ರೈತರು ಔಷಧಿಯನ್ನು ಅಲ್ಲೇ ಇಡುವ ಏರ್ಪಾಡು ಮಾಡಿದರು. ಅದರಿಂದ ಒಳ್ಳೆಯ ಫಲ ಕಂಡಿತು.

ಆದ್ದರಿಂದ ಆ ಹೊತ್ತಿಗೆ ಬೇಕಾದಷ್ಟೇ ಕೊಳ್ಳಿ, ಮನೆಗೆ ತರಬೇಡಿ, ಖಾಲಿ ಡಬ್ಬಿ ಬಳಸಬೇಡಿ. ಯಾರಾದರೂ ಕುಡಿದರೆ ಉಪ್ಪು ನೀರು ಕುಡಿಸುತ್ತಾ ಕೂರದೆ ತಕ್ಷಣ 108ಕ್ಕೆ ಫೋನ್ ಮಾಡಿ, ಔಷಧಿಯ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಮನಸ್ಸಿಗೆ ಭಾರವಾದವರು ಮಾತಾಡಲು ಟೆಲಿ ಮಾನಸ್‌ನ 14416 ನಂಬರಿದೆ, ದುಡ್ಡು ಬೇಕಿಲ್ಲ. ಈ ನಂಬರುಗಳನ್ನೂ ಆ ರಟ್ಟಿನ ಮೇಲೆ ಬರೆಯಿರಿ.

ಸಂಘಕ್ಕೆ ಎರಡು ಬಿನ್ನಹ

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ನನ್ನ ಎರಡು ಬಿನ್ನಹ.

ಒಂದು, ಸಂಘದ ಗೋದಾಮಿನ ಪಕ್ಕದಲ್ಲಿ ಒಂದು ಸಾಮೂಹಿಕ ಹತಾರ ಕೋಣೆ ಆಗಲಿ. ಮೋಟಾರ್ ಎತ್ತುವ ಚೈನ್ ಬ್ಲಾಕು ಮತ್ತು ಮೂರು ಕಾಲಿನ ಸ್ಟ್ಯಾಂಡು, ಪೈಪ್ ಕ್ಲ್ಯಾಂಪು, ದೊಡ್ಡ ಪೈಪ್ ಪಾನಾ, ವೈಂಡಿಂಗು ನೋಡುವ ಮೆಗ್ಗರು ಇವು ಪ್ರತಿ ಮನೆಗೂ ಬೇಕಿಲ್ಲ. ವರ್ಷಕ್ಕೆ ಎರಡು ದಿನ ಬಳಸಿ ಉಳಿದ ದಿನ ತುಕ್ಕು ಹಿಡಿಸುವುದಕ್ಕೆ ಸಾಲ ಯಾಕೆ? ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಯೋಜನೆ ಸರ್ಕಾರದಿಂದ 2014-15ರಲ್ಲೇ ಬಂದಿದೆ. ಸಣ್ಣ ಹತಾರಕ್ಕೆ ನಾವೇ ಮಾಡಿಕೊಳ್ಳೋಣ. ಅದಕ್ಕೊಂದು ಪುಸ್ತಕ ಇರಲಿ: ಯಾರು ಒಯ್ದರು, ಯಾವತ್ತು, ವಾಪಸು ಬಂದಾಗ ಹೇಗಿತ್ತು. ನಮ್ಮ ಮನೆಗಳಲ್ಲೂ ಅಂಥದೇ ಒಂದು ಪುಸ್ತಕ ಬಾಗಿಲಿಗೆ ತೂಗಲಿ. ಪಕ್ಕದ ಮನೆಯ ಅಣ್ಣ ಪಾನಾ ಇಸಕೊಂಡು ಹೋದಾಗ "ಬರೆದು ಹೋಗಣ್ಣ" ಅನ್ನುವುದರಲ್ಲಿ ಮರ್ಯಾದೆ ಹೋಗುವುದೇನಿಲ್ಲ. ಬರೆಯದೆ ಹೋದ ಪಾನಾದಿಂದಲೇ ಮಾತು ಬಿಟ್ಟ ಮನೆಗಳಿವೆ.

ಎರಡು, ಔಷಧಿ ಇಡಲು ಮನೆಗಳಿಂದ ದೂರ ಒಂದು ಕಟ್ಟಡ ಮತ್ತು ಲಾಕರು. ಕೃಷಿ ಇಲಾಖೆಯವರನ್ನು ಕೇಳಿ, ನಿಯಮ ತಿಳಿದುಕೊಂಡು ಮಾಡೋಣ. ಇದರಿಂದ ಸಂಘಕ್ಕೆ ಲಾಭಾಂಶ ಬರುವುದಿಲ್ಲ, ನಿಜ. ಆದರೆ ಒಂದು ಮನೆಯ ದೀಪ ಉಳಿದರೆ ಅದನ್ನು ಯಾವ ಖಾತೆಗೆ ಜಮಾ ಮಾಡುತ್ತೀರಿ? ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಮಾತು ದುರ್ಗದ ಸೀಮೆಯವರಾದ ನಮಗೆ ಬರಬಾರದು.

ಬರುವ ಆಯುಧಪೂಜೆಗೆ ಪ್ರತಿ ಸದಸ್ಯರ ಮನೆಯಲ್ಲೂ ಒಂದು ಹಲಗೆ, ಹತ್ತು ಮೊಳೆ, ಒಂದು ರಟ್ಟು, ಒಂದು ಪುಸ್ತಕ ಆಗಲಿ. ಖರ್ಚು ಬಹಳ ಇಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಎಷ್ಟು ಮನೆಯಲ್ಲಿ ಆಯಿತು ಅಂತ ಕೈ ಎತ್ತಿಸಿ ಎಣಿಸುವಂತೆ ಕಾರ್ಯದರ್ಶಿಯವರನ್ನು ಕೇಳಿಕೊಳ್ಳುತ್ತೇನೆ.